ಒಂದು ತಂತಿಯೋ, ಎರಡೋ, ತಂತಿಯೇ ಇಲ್ಲದ್ದೋ? ಪೇಸ್‌ಮೇಕರ್ ಆರಿಸುವ ಮುಂಚೆ

ಅಮ್ಮ ಬಚ್ಚಲುಮನೆ ಬಾಗಿಲಲ್ಲಿ ಎರಡನೇ ಸಲ ಬಿದ್ದಾಗ ಅವರಿಗೆ 74 ವರ್ಷ. ಮೊದಲ ಸಲ ಬಿದ್ದಾಗ ಬಿಪಿ ಇಳಿದಿರಬೇಕು ಅಂದುಕೊಂಡು ಸುಮ್ಮನಾಗಿದ್ದೆವು. ಈ ಸಲ ಎದೆಬಡಿತ ದಾಖಲಿಸುವ ಹೋಲ್ಟರ್ ಎಂಬ ಪುಟ್ಟ ಯಂತ್ರವನ್ನು 24 ಗಂಟೆ ಕಟ್ಟಿ ನೋಡಿದರು. ಹಾಡಹಗಲೇ, ಕೂತು ಅವರೆಕಾಯಿ ಸುಲಿಯುವ ಹೊತ್ತಿನಲ್ಲಿ, ಅಮ್ಮನ ಎದೆಬಡಿತ 4 ಸೆಕೆಂಡ್ ನಿಂತೇ ಹೋಗಿತ್ತು.

ಪೇಸ್‌ಮೇಕರ್ ಬೇಕು ಅಂದರು ಡಾಕ್ಟರು. ಅಷ್ಟು ಅರ್ಥವಾಯಿತು. ಆಮೇಲೆ ಕೌಂಟರಿನಲ್ಲಿ ಒಂದು ಹಾಳೆ ಕೊಟ್ಟರು. ಸಿಂಗಲ್ ಚೇಂಬರ್, ಡಬಲ್ ಚೇಂಬರ್, ಎಂಆರ್‌ಐಗೆ ಆಗುವಂಥದ್ದು, ಆಗದ್ದು, ಲೀಡ್‌ಲೆಸ್. ಪಕ್ಕದಲ್ಲಿ ರೇಟು. "ಸಂಜೆಯೊಳಗೆ ಹೇಳಿಬಿಡಿ" ಅಂದರು. ದುಬಾರಿಯದ್ದೇ ಒಳ್ಳೆಯದಿರಬೇಕು ಅಂದ ತಮ್ಮ. ಈ ವಯಸ್ಸಿಗೆ ಸಾದಾ ಸಾಕಲ್ವಾ ಅಂದರು ಮಾವ. ಯಾರಿಗೂ ಏನೂ ಗೊತ್ತಿರಲಿಲ್ಲ.

ಅವತ್ತು ನನಗೆ ಗೊತ್ತಿರಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಯಾವುದು ಹಾಕಬೇಕು ಅಂತ ಹೇಳಬೇಕಾದವರು ನಿಮ್ಮ ಹೃದ್ರೋಗ ತಜ್ಞರೇ. ಆದರೆ ಅವರನ್ನು ಏನು ಕೇಳಬೇಕು ಅಂತ ನಮಗೆ ಗೊತ್ತಿರಬೇಕು. ನನ್ನ ಮಟ್ಟಿಗೆ ಅದು ಒಂದೇ ಪ್ರಶ್ನೆ: ಈ ಯಂತ್ರ ಹೃದಯದ ಯಾವ ಕೋಣೆಯನ್ನು, ದಿನದಲ್ಲಿ ಎಷ್ಟು ಪಾಲು, ತಾನೇ ಬಡಿಸಬೇಕಾಗುತ್ತದೆ? ಮೂವತ್ತು ವರ್ಷಗಳ ಸಂಶೋಧನೆ ಸುತ್ತಿದ್ದೇ ಈ ಪ್ರಶ್ನೆಯ ಸುತ್ತ.

ಯಾವ ಬ್ಲಾಕ್?

ನಮ್ಮಲ್ಲಿ ಮೊದಲ ಗೊಂದಲ ಇಲ್ಲೇ. "ಹಾರ್ಟ್ ಬ್ಲಾಕ್ ಇದೆ" ಅಂದ ಕೂಡಲೇ ನೆಂಟರೆಲ್ಲ "ಸ್ಟೆಂಟ್ ಹಾಕಿಸಿಬಿಡಿ" ಅನ್ನುತ್ತಾರೆ. ರಕ್ತನಾಳ ಕಟ್ಟಿಕೊಳ್ಳುವುದು ಬೇರೆ, ಹೃದಯದ ವಿದ್ಯುತ್ ಹರಿಯದೆ ಹೋಗುವುದು ಬೇರೆ. ಮನೆಯ ಲೆಕ್ಕದಲ್ಲಿ ಹೇಳಿದರೆ ಮೊದಲನೆಯದು ನಲ್ಲಿ ಪೈಪಿನ ತೊಂದರೆ, ಎರಡನೆಯದು ವೈರಿಂಗ್ ತೊಂದರೆ. ಪೇಸ್‌ಮೇಕರ್ ವೈರಿಂಗ್ ತೊಂದರೆಗೆ.

ಹೃದಯದ ಮೇಲಿನ ಬಲ ಕೋಣೆಯಲ್ಲಿ ಒಂದು ಚಿಕ್ಕ ಗಂಟು ಇದೆ. ಬಡಿತ ಹುಟ್ಟುವುದೇ ಅಲ್ಲಿ. ಕೀತ್ ಮತ್ತು ಫ್ಲ್ಯಾಕ್ ಎಂಬ ಇಬ್ಬರು 1907ರಲ್ಲಿ ಅದನ್ನು ಗುರುತಿಸಿದರು. ಅಲ್ಲಿಂದ ಹೊರಟ ವಿದ್ಯುತ್ ಹೃದಯದ ನಡುವಿನ ಇನ್ನೊಂದು ಗಂಟಿಗೆ ಬರುತ್ತದೆ. ಜಪಾನಿನ ಸುನಾವೊ ತವಾರಾ 1906ರಲ್ಲಿ ವಿವರಿಸಿದ್ದು ಇದನ್ನು. ಅಲ್ಲಿಂದ ಹಿಸ್ ಎಂಬ ಎಳೆಗಳ ಕಟ್ಟಿನ ಮೂಲಕ ಇಳಿದು, ಎಡ–ಬಲಕ್ಕೆ ಕವಲೊಡೆದು, ಕೆಳಗಿನ ಕೋಣೆಗಳಿಗೆ ತಲುಪುತ್ತದೆ.

ತೊಂದರೆ ಮೇಲಿನ ಗಂಟಿನಲ್ಲಿದ್ದರೆ ಬಡಿತ ಹುಟ್ಟುವುದೇ ನಿಧಾನ. ಅದಕ್ಕೆ ಸಿಕ್ ಸೈನಸ್ ಅನ್ನುತ್ತಾರೆ. ಅಮ್ಮನಿಗೆ ಇದ್ದದ್ದು ಅದೇ. ನಡುವಿನ ದಾರಿ ಕಡಿದಿದ್ದರೆ ಮೇಲೆ ಬಡಿತ ಹುಟ್ಟುತ್ತದೆ, ಕೆಳಗೆ ಇಳಿಯುವುದಿಲ್ಲ. ಅದು ಎವಿ ಬ್ಲಾಕ್. ದಾರಿ ಪೂರ್ತಿ ಕಡಿದಿದ್ದರೆ ಕಂಪ್ಲೀಟ್ ಹಾರ್ಟ್ ಬ್ಲಾಕ್. ಇನ್ನು ಕೆಲವರಿಗೆ ಮೇಲಿನ ಕೋಣೆ ಸದಾ ತಾಳತಪ್ಪಿ ನಡುಗುತ್ತಿರುತ್ತದೆ. ಅದು ಏಟ್ರಿಯಲ್ ಫಿಬ್ರಿಲೇಷನ್. ಈ ಮೂರರಲ್ಲಿ ಯಾವುದು ಅಂತ ಮೊದಲು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಇನ್ನೊಂದು ಮಾತು. ಬಡಿತ ನಿಧಾನವಾದ ಎಲ್ಲರಿಗೂ ಪೇಸ್‌ಮೇಕರ್ ಬೇಕಿಲ್ಲ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಬಡಿತ ಇಳಿಸುತ್ತದೆ. ಥೈರಾಯ್ಡ್ ಕಡಿಮೆಯಾದರೂ ಇಳಿಯುತ್ತದೆ. ಕಿಡ್ನಿ ತೊಂದರೆಯಲ್ಲಿ ಪೊಟ್ಯಾಶಿಯಂ ಏರಿದರೂ ಹಾಗೇ. ಗ್ಲಾಕೋಮಾಕ್ಕೆ ಹಾಕುವ ಟಿಮೊಲೋಲ್ ಕಣ್ಣಿನ ಹನಿಯೂ ಬಡಿತ ಇಳಿಸಬಲ್ಲದು! ಕಣ್ಣಿನ ಔಷಧಿಯನ್ನು ಹೃದಯದ ಡಾಕ್ಟರಿಗೆ ಹೇಳಬೇಕು ಅಂತ ಯಾರಿಗೆ ತೋಚುತ್ತದೆ? ಹೇಳಿ. ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ಒಂದು ತಂತಿ, ಎರಡು ತಂತಿ

ಪೇಸ್‌ಮೇಕರ್ ಅಂದರೆ ಒಂದು ಪುಟ್ಟ ಡಬ್ಬಿ, ಅದರಿಂದ ಹೊರಟ ತಂತಿ. ಆಸ್ಪತ್ರೆಯಲ್ಲಿ ತಂತಿಗೆ ಲೀಡ್ ಅನ್ನುತ್ತಾರೆ. ಡಬ್ಬಿಯನ್ನು ಸಾಮಾನ್ಯವಾಗಿ ಎಡಗಡೆಯ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ, ಚರ್ಮದಡಿ ಇಡುತ್ತಾರೆ. ತಂತಿ ರಕ್ತನಾಳದೊಳಗಿಂದ ಹೃದಯಕ್ಕೆ ಹೋಗುತ್ತದೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುವುದೇ ಹೆಚ್ಚು.

ಸಿಂಗಲ್ ಚೇಂಬರ್‌ನಲ್ಲಿ ಒಂದೇ ತಂತಿ, ಬಹುಪಾಲು ಕೆಳಗಿನ ಬಲ ಕೋಣೆಗೆ. ಡಬಲ್ ಚೇಂಬರ್‌ನಲ್ಲಿ ಮೇಲಕ್ಕೊಂದು, ಕೆಳಕ್ಕೊಂದು. ಹಾಳೆಯಲ್ಲಿ ವಿವಿಐ, ಡಿಡಿಡಿ ಅಂತೆಲ್ಲ ಬರೆದಿರುತ್ತಾರೆ, ಹೆದರಬೇಡಿ. ಮೊದಲ ಅಕ್ಷರ ಯಂತ್ರ ಯಾವ ಕೋಣೆಯನ್ನು ಬಡಿಸುತ್ತದೆ ಅಂತ ಹೇಳುತ್ತದೆ. ವಿ ಅಂದರೆ ಕೆಳಗಿನದು, ಎ ಅಂದರೆ ಮೇಲಿನದು, ಡಿ ಅಂದರೆ ಎರಡೂ. ಕೊನೆಯಲ್ಲಿ ಆರ್ ಇದ್ದರೆ, ನೀವು ಮೆಟ್ಟಿಲು ಹತ್ತುವಾಗ ಯಂತ್ರ ತಾನೇ ಬಡಿತ ಏರಿಸುತ್ತದೆ.

ಮೇಲಿನ ಕೋಣೆ ಮೊದಲು ಹಿಂಡಬೇಕು, ಕ್ಷಣ ಬಿಟ್ಟು ಕೆಳಗಿನದು ಹಿಂಡಬೇಕು. ಅದು ಸಹಜ ತಾಳ. ಕೆಳಗೆ ಮಾತ್ರ ತಂತಿ ಇದ್ದರೆ ಈ ತಾಳ ತಪ್ಪುತ್ತದೆ. ಹಾಗಾದರೆ ಎರಡು ತಂತಿಯೇ ಮೇಲು ಅಲ್ವಾ? ಎಲ್ಲರೂ ಹಾಗೇ ನಂಬಿದ್ದರು. ಅದನ್ನು ಪರೀಕ್ಷೆಗೆ ಹಚ್ಚಿದವರ ಕಥೆ ನನಗೆ ತುಂಬಾ ಇಷ್ಟ.

ಡೆನ್ಮಾರ್ಕಿನ ಆರ್‌ಹುಸ್ ಊರಿನಲ್ಲಿ ಹೆನಿಂಗ್ ರುಡ್ ಆಂಡರ್ಸನ್ ಎಂಬ ಹೃದ್ರೋಗ ತಜ್ಞರಿದ್ದಾರೆ. ತೊಡೆಸಂದಿಯ ರಕ್ತನಾಳದಿಂದ ಹೃದಯದ ಕವಾಟ ಕೂರಿಸುವ ಇವತ್ತಿನ ವಿಧಾನ ಹೊಳೆದದ್ದು ಇವರಿಗೇ. 1989ರಲ್ಲಿ ಹಂದಿಯ ಮೇಲೆ ಅದನ್ನು ಮಾಡಿ ತೋರಿಸಿದ್ದರು. ಅದೇ ಮನುಷ್ಯ ಪೇಸ್‌ಮೇಕರ್ ಬಗ್ಗೆಯೂ ಒಂದು ಸರಳ ಪ್ರಶ್ನೆ ಹಿಡಿದರು. ಸಿಕ್ ಸೈನಸ್ ಇರುವ 225 ಜನರಲ್ಲಿ ಚೀಟಿ ಎತ್ತಿದ ಹಾಗೆ ಕೆಲವರಿಗೆ ಮೇಲಿನ ಕೋಣೆಗೆ, ಕೆಲವರಿಗೆ ಕೆಳಗಿನ ಕೋಣೆಗೆ ಒಂದೊಂದೇ ತಂತಿ ಹಾಕಿದರು. 1994ರಲ್ಲೂ, ಮತ್ತೆ 1997ರಲ್ಲೂ ಫಲಿತಾಂಶ ಪ್ರಕಟಿಸಿದರು. ವರ್ಷ ಕಳೆದಂತೆ ಮೇಲಿನ ಕೋಣೆಗೆ ತಂತಿ ಇದ್ದವರೇ ಚೆನ್ನಾಗಿದ್ದರು. ತಾಳತಪ್ಪುವುದು ಕಡಿಮೆ, ಹೃದಯ ಸೋಲುವುದು ಕಡಿಮೆ, ಸಾವೂ ಕಡಿಮೆ.

ಹಾಗಾದರೆ ಸಿಕ್ ಸೈನಸ್‌ಗೆ ಮೇಲೊಂದೇ ತಂತಿ ಸಾಕು ಅನ್ನಬಹುದಿತ್ತು. ಡೆನ್ಮಾರ್ಕಿನವರು ಅಲ್ಲಿಗೇ ನಿಲ್ಲಿಸಲಿಲ್ಲ. ತಮ್ಮದೇ ನಂಬಿಕೆಯನ್ನು ಮತ್ತೆ ಪರೀಕ್ಷೆಗಿಟ್ಟರು. ಈ ಸಲ 1415 ಜನ. ಮೇಲೊಂದೇ ತಂತಿಯೋ, ಎರಡು ತಂತಿಯೋ? 2011ರಲ್ಲಿ ಬಂದ ಉತ್ತರ ಅವರ ನಿರೀಕ್ಷೆಗೆ ತದ್ವಿರುದ್ಧ. ಸಾವಿನಲ್ಲಿ ವ್ಯತ್ಯಾಸವಿಲ್ಲ. ಆದರೆ ಒಂದೇ ತಂತಿಯವರಿಗೆ ಮತ್ತೆ ಆಪರೇಷನ್ ಆಗುವುದು ಸುಮಾರು ಎರಡು ಪಟ್ಟು. ನೂರರಲ್ಲಿ ಸುಮಾರು 9 ಜನರಿಗೆ ಮುಂದೆ ಕೆಳಗೂ ತಂತಿ ಬೇಕಾಯಿತು. ಅದಕ್ಕೇ ಇವತ್ತು ಸಿಕ್ ಸೈನಸ್‌ಗೆ ಸಾಮಾನ್ಯವಾಗಿ ಡಬಲ್ ಚೇಂಬರ್ ಹಾಕುತ್ತಾರೆ. ತಾವು ಕಟ್ಟಿದ್ದನ್ನು ತಾವೇ ಒಡೆದು ನೋಡಿದರಲ್ಲ, ಆ ಪ್ರಾಮಾಣಿಕತೆಯಿಂದ ನಮ್ಮಮ್ಮನಿಗೂ ಉಪಕಾರವಾಯಿತು.

ಅಮೆರಿಕದಲ್ಲಿ 2010 ಸಿಕ್ ಸೈನಸ್ ರೋಗಿಗಳ ಮೇಲೆ ನಡೆದ ಮೋಸ್ಟ್ ಎಂಬ ಅಧ್ಯಯನ 2002ರಲ್ಲಿ ಬಂತು. ಡಬಲ್ ಹಾಕಿದವರು ಜಾಸ್ತಿ ಕಾಲ ಬದುಕಲಿಲ್ಲ, ಲಕ್ವ ಹೊಡೆಯುವುದೂ ಕಡಿಮೆಯಾಗಲಿಲ್ಲ. ಆದರೆ ಏಟ್ರಿಯಲ್ ಫಿಬ್ರಿಲೇಷನ್ ಕಡಿಮೆಯಾಯಿತು. ಕೆಳಗೆ ಮಾತ್ರ ಬಡಿಸಿದವರಲ್ಲಿ ನೂರಕ್ಕೆ ಸುಮಾರು 18 ಜನರಿಗೆ ಪೇಸ್‌ಮೇಕರ್ ಸಿಂಡ್ರೋಮ್ ಬಂತು. ಅಂದರೆ ಯಂತ್ರ ಸರಿಯಾಗಿಯೇ ಓಡುತ್ತಿರುತ್ತದೆ, ಮನುಷ್ಯನಿಗೆ ಮಾತ್ರ ಸುಸ್ತು, ತಲೆ ಹಗುರ, ಕತ್ತಿನಲ್ಲಿ ಬಡಿದಂತಾಗುವುದು. ಪರೀಕ್ಷೆ ಮಾಡಿದವರೂ "ಯಂತ್ರ ಸರಿಯಿದೆ" ಅಂತಲೇ ಕಳಿಸಬಹುದು. ನಿಮಗೆ ಹಾಗಾದರೆ ಈ ಹೆಸರು ಹೇಳಿ ಕೇಳಿ.

ಎವಿ ಬ್ಲಾಕ್‌ಗೆ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಬ್ರಿಟನ್ನಿನಲ್ಲಿ 70 ದಾಟಿದ 2021 ಜನರ ಮೇಲೆ ನಡೆದ ಅಧ್ಯಯನ 2005ರಲ್ಲಿ ಬಂತು. ಸಿಂಗಲ್, ಡಬಲ್ ಎರಡರಲ್ಲೂ ಸಾವಿನ ಪ್ರಮಾಣ ಒಂದೇ. ಹಾಕುವಾಗಿನ ತೊಡಕು ಡಬಲ್‌ನಲ್ಲಿ ಜಾಸ್ತಿ. ವಯಸ್ಸಾಗಿ ಓಡಾಟ ಕಡಿಮೆ ಇರುವವರಿಗೆ ಡಾಕ್ಟರು ಸಿಂಗಲ್ ಸಾಕು ಅಂದರೆ ಅದು ಕಡಿಮೆ ಚಿಕಿತ್ಸೆ ಅಂತ ಬೇಸರಪಡಬೇಡಿ. ಓಡಾಡಿಕೊಂಡು, ತೋಟದ ಕೆಲಸ ಮಾಡಿಕೊಂಡು ಇರುವವರಿಗೆ ಡಬಲ್ ಕೊಡುವ ಸಹಜ ತಾಳದ ಬೆಲೆ ಗೊತ್ತಾಗುತ್ತದೆ.

ಏಟ್ರಿಯಲ್ ಫಿಬ್ರಿಲೇಷನ್ ಕಾಯಂ ಆಗಿಬಿಟ್ಟಿದ್ದರೆ ಮೇಲಿನ ಕೋಣೆಯನ್ನು ಬಡಿಸುವುದೇ ಆಗದು. ಅಲ್ಲಿ ತಂತಿ ಹಾಕಿದರೆ ದುಡ್ಡು ದಂಡ. ನಮ್ಮ ಚಿಕ್ಕಪ್ಪನಿಗೆ 81ನೇ ವಯಸ್ಸಿನಲ್ಲಿ ಇದೇ ಕಾರಣಕ್ಕೆ ಸಿಂಗಲ್ ಹಾಕಿದರು. ಆರಾಮಾಗಿದ್ದಾರೆ. ಆದರೆ ಪೇಸ್‌ಮೇಕರ್ ಬಂತು ಅಂತ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬಾರದು. ಯಂತ್ರ ನಿಧಾನ ಬಡಿತವನ್ನು ಸರಿಮಾಡುತ್ತದೆ, ಫಿಬ್ರಿಲೇಷನ್ ವಾಸಿಮಾಡುವುದಿಲ್ಲ, ಅದರಿಂದ ಬರುವ ಲಕ್ವವನ್ನೂ ತಡೆಯುವುದಿಲ್ಲ.

ತಂತಿಯ ತುದಿ ಎಲ್ಲಿ ಕೂತಿದೆ?

ಕೆಳಗಿನ ಬಲ ಕೋಣೆಯ ಸ್ನಾಯುವಿಗೆ ತಂತಿ ಚುಚ್ಚಿ ಬಡಿಸಿದಾಗ ವಿದ್ಯುತ್ ತನ್ನ ಹೆದ್ದಾರಿಯಲ್ಲಿ ಹೋಗುವುದಿಲ್ಲ. ಸ್ನಾಯುವಿನಿಂದ ಸ್ನಾಯುವಿಗೆ ಗದ್ದೆ ಬದುವಿನ ಮೇಲೆ ನಡೆದ ಹಾಗೆ ನಿಧಾನ ಹೋಗುತ್ತದೆ. ಬಲಭಾಗ ಮೊದಲು ಹಿಂಡುತ್ತದೆ, ಎಡಭಾಗ ತಡವಾಗಿ. ದಿನಕ್ಕೆ ಒಂದು ಲಕ್ಷ ಸಲ ಹೀಗಾದರೆ ಕೆಲವರ ಹೃದಯ ವರ್ಷಗಳಲ್ಲಿ ದಣಿಯುತ್ತದೆ.

ಇದು ಜೋರಾಗಿ ಗೊತ್ತಾದದ್ದು 2002ರಲ್ಲಿ, ಡೇವಿಡ್ ಎಂಬ ಅಧ್ಯಯನದಿಂದ. 506 ಜನರಲ್ಲಿ ಕೆಲವರ ಯಂತ್ರ ಅಗತ್ಯ ಬಿದ್ದಾಗ ಮಾತ್ರ ಬಡಿಸುವಂತೆ, ಉಳಿದವರದು ಎರಡು ಕೋಣೆಯನ್ನೂ ಹೆಚ್ಚು ಹೊತ್ತು ಬಡಿಸುವಂತೆ ಇಟ್ಟಿದ್ದರು. ಹೆಚ್ಚು ಬಡಿಸಿದವರ ಸ್ಥಿತಿಯೇ ಕೆಟ್ಟಿತು. ಮರುವರ್ಷ ಮೋಸ್ಟ್ ಅಧ್ಯಯನದ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ಡಬಲ್ ಚೇಂಬರ್ ಇದ್ದವರಲ್ಲಿ, ಕೆಳಗಿನ ಕೋಣೆಯನ್ನು ಯಂತ್ರ 40 ಪರ್ಸೆಂಟ್‌ಗಿಂತ ಜಾಸ್ತಿ ಬಡಿಸಿದವರು ಹೃದಯ ಸೋತು ಆಸ್ಪತ್ರೆ ಸೇರುವುದು ಎರಡೂವರೆ ಪಟ್ಟು ಹೆಚ್ಚಿತ್ತು.

ಅದಕ್ಕೇ ಯಂತ್ರ ಯಾವ ಕೋಣೆಯನ್ನು ಎಷ್ಟು ಪಾಲು ಬಡಿಸುತ್ತದೆ ಎಂಬ ಆ ಮೊದಲ ಪ್ರಶ್ನೆ ಮುಖ್ಯ. ಸಿಕ್ ಸೈನಸ್‌ನವರಿಗೆ ನಡುವಿನ ದಾರಿ ಚೆನ್ನಾಗಿದ್ದರೆ ಕೆಳಗಿನ ತಂತಿಗೆ ಕೆಲಸವೇ ಇರುವುದಿಲ್ಲ. ಸುಮ್ನೆ ಕಾವಲು ಕೂತಿರುತ್ತದೆ. ಅನಗತ್ಯವಾಗಿ ಬಡಿಸದಂತೆ ಯಂತ್ರವನ್ನು ಹೊಂದಿಸಲೂಬಹುದು. ಕಂಪ್ಲೀಟ್ ಹಾರ್ಟ್ ಬ್ಲಾಕ್‌ನವರಿಗೆ ಹಾಗಲ್ಲ. ಕೆಳಗಿನ ಕೋಣೆಯ ಹೆಚ್ಚುಕಡಿಮೆ ಪ್ರತಿ ಬಡಿತವೂ ಯಂತ್ರದ್ದೇ. ಅಂಥವರು, ಅದರಲ್ಲೂ 50ರ ವಯಸ್ಸಿನವರು, ಅಥವಾ ಎಕೋ ಸ್ಕ್ಯಾನ್‌ನಲ್ಲಿ ಹೃದಯದ ಪಂಪಿಂಗ್ 50 ಪರ್ಸೆಂಟ್ ಅಥವಾ ಅದಕ್ಕಿಂತ ಕಡಿಮೆ ಇರುವವರು, ತಂತಿಯ ತುದಿ ಎಲ್ಲಿ ಕೂರುತ್ತದೆ ಅಂತ ಕೇಳಲೇಬೇಕು.

ಯಾಕೆಂದರೆ ಈಗ ಬೇರೆ ದಾರಿಗಳಿವೆ. ಒಂದು, ಎಡಭಾಗಕ್ಕೂ ಇನ್ನೊಂದು ತಂತಿ ಹಾಕಿ ಎರಡೂ ಕಡೆ ಒಟ್ಟಿಗೆ ಬಡಿಸುವುದು. ಬ್ಲಾಕ್ ಎಚ್‌ಎಫ್ ಎಂಬ 691 ಜನರ ಅಧ್ಯಯನ 2013ರಲ್ಲಿ ಇದು ಬಲಭಾಗಕ್ಕೆ ಮಾತ್ರ ಬಡಿಸುವುದಕ್ಕಿಂತ ಮೇಲು ಅಂತ ತೋರಿಸಿತು. ಆದರೆ ಬೆಲೆ ಜಾಸ್ತಿ, ಕೆಲಸವೂ ದೊಡ್ಡದು.

ಇನ್ನೊಂದು, ಹೃದಯದ ಸ್ವಂತ ಹೆದ್ದಾರಿಗೇ ತಂತಿ ಜೋಡಿಸುವುದು. ಅಮೆರಿಕದಲ್ಲಿದ್ದ ಪ್ರಮೋದ್ ದೇಶಮುಖ್ ಮತ್ತು ಸಂಗಡಿಗರು 2000ದಲ್ಲಿ 12 ರೋಗಿಗಳಿಗೆ ಹಿಸ್ ಕಟ್ಟಿಗೇ ಕಾಯಂ ತಂತಿ ಕೂರಿಸಿ ತೋರಿಸಿದರು. ಜಾಗ ಚಿಕ್ಕದು, ಹುಡುಕುವುದು ಕಷ್ಟ, ಕೆಲವರಲ್ಲಿ ಬಡಿಸಲು ಹೆಚ್ಚು ಕರೆಂಟು ಬೇಕು, ಬ್ಯಾಟರಿ ಬೇಗ ಖಾಲಿ. ಬಹಳ ವರ್ಷ ಇದನ್ನು ಹೆಚ್ಚು ಜನ ಕೈಗೆತ್ತಿಕೊಳ್ಳಲಿಲ್ಲ. 2017ರಲ್ಲಿ ಚೀನಾದ ವೆನ್‌ಜೌ ಊರಿನ ಹುವಾಂಗ್ ವೈಜಿಯಾನ್ ತಂಡ ಸ್ವಲ್ಪ ಕೆಳಗಿಳಿಯಿತು. ನಡುಗೋಡೆಯೊಳಗೆ ತಂತಿಯನ್ನು ತಿರುಗಿಸುತ್ತಾ ಒಳಕ್ಕೆ ಒಯ್ದು ಎಡ ಕವಲನ್ನು ಮುಟ್ಟಿತು. ಇದು ಸುಲಭವಾಯಿತು, ಕರೆಂಟೂ ಕಡಿಮೆ ಸಾಕಾಯಿತು. ಇದಕ್ಕೆ ಲೆಫ್ಟ್ ಬಂಡಲ್ ಪೇಸಿಂಗ್ ಅನ್ನುತ್ತಾರೆ. ನಮ್ಮ ದೇಶದಲ್ಲೂ ಮಾಡುತ್ತಾರೆ. ಮಧುರೈನ ವೈದ್ಯರು ಇದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಎಡಭಾಗಕ್ಕೆ ಬೇರೆ ತಂತಿ ಬೇಕಿಲ್ಲವಾದ್ದರಿಂದ ನಮ್ಮಂಥ ಕಡೆ ಇದರ ಬೆಲೆಯೂ ಕೈಗೆಟುಕುವಂಥದ್ದು. ಹೊಸ ವಿಧಾನ, ದೊಡ್ಡ ಅಧ್ಯಯನಗಳು ಇನ್ನೂ ನಡೆಯುತ್ತಿವೆ. ಕೈ ಪಳಗಿದವರೇ ಮಾಡಬೇಕು. "ನೀವು ಇದನ್ನು ಎಷ್ಟು ಜನಕ್ಕೆ ಮಾಡಿದ್ದೀರಿ ಡಾಕ್ಟ್ರೇ?" ಅಂತ ಕೇಳುವುದರಲ್ಲಿ ಮರ್ಯಾದೆಗೆಟ್ಟದ್ದೇನೂ ಇಲ್ಲ. ಒಳ್ಳೆಯ ಡಾಕ್ಟರು ಉತ್ತರಿಸುತ್ತಾರೆ.

ತಂತಿಯೇ ಇಲ್ಲದ್ದು

ಲೀಡ್‌ಲೆಸ್ ಅಂದರೆ ದೊಡ್ಡ ಕ್ಯಾಪ್ಸೂಲ್ ಮಾತ್ರೆಯಷ್ಟಿರುವ ಯಂತ್ರ. ಮೈಕ್ರಾ ಎಂಬುದರ ತೂಕ ಸುಮಾರು 2 ಗ್ರಾಂ. ತೊಡೆಸಂದಿಯ ರಕ್ತನಾಳದಿಂದ ಒಯ್ದು ಕೆಳಗಿನ ಬಲ ಕೋಣೆಯ ಗೋಡೆಗೆ ಕಚ್ಚಿಸುತ್ತಾರೆ. ಎದೆಯ ಮೇಲೆ ಗಾಯವಿಲ್ಲ, ಉಬ್ಬಿಲ್ಲ, ಮುರಿಯಲು ತಂತಿಯಿಲ್ಲ. 725 ಜನರ ಮೇಲೆ ಪ್ರಯತ್ನಿಸಿದಾಗ 719 ಜನರಿಗೆ ಕೂರಿಸಲಾಯಿತು. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು.

ತಮ್ಮ ಇದನ್ನೇ ಹಾಕಿಸೋಣ ಅಂತ ಹಟ ಹಿಡಿದಿದ್ದ. ಆದರೆ ಅಮ್ಮನ ತೊಂದರೆ ಇದ್ದದ್ದು ಮೇಲಿನ ಕೋಣೆಯಲ್ಲಿ, ಆ ಮೈಕ್ರಾ ಬಡಿಸುವುದು ಕೆಳಗಿನದನ್ನು. ಮೇಲಕ್ಕೊಂದು, ಕೆಳಕ್ಕೊಂದು ಕ್ಯಾಪ್ಸೂಲ್ ಕೂರಿಸುವ ಏವೇರ್ ಡಿಆರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2023ರಲ್ಲಿ. ಎಲ್ಲಕ್ಕಿಂತ ದುಬಾರಿಯದ್ದು ಅಮ್ಮನಿಗೆ ಹೊಂದುತ್ತಲೇ ಇರಲಿಲ್ಲ.

ಹಾಗಾದರೆ ಇದು ಯಾರಿಗೆ? ಡಯಾಲಿಸಿಸ್‌ನಲ್ಲಿದ್ದು ಕೈಯ ರಕ್ತನಾಳ ಉಳಿಸಿಕೊಳ್ಳಬೇಕಾದವರಿಗೆ. ಹಿಂದೆ ಡಬ್ಬಿಯ ಜಾಗ ಕೀವಾಗಿ ಎಲ್ಲ ತೆಗೆಸಿಕೊಂಡವರಿಗೆ. ಕಾಯಂ ಫಿಬ್ರಿಲೇಷನ್ ಇದ್ದು ಕೆಳಗೆ ಮಾತ್ರ ಬಡಿತ ಬೇಕಾದ ವಯಸ್ಸಾದವರಿಗೆ. ಚಿಕ್ಕ ವಯಸ್ಸಿನವರು ಒಂದು ವಿಷಯ ಯೋಚಿಸಬೇಕು. ಮೈಕ್ರಾದ ಬ್ಯಾಟರಿ ಮುಗಿದಾಗ ಸಾಮಾನ್ಯವಾಗಿ ಅದನ್ನು ಆಫ್ ಮಾಡಿ ಒಳಗೇ ಬಿಟ್ಟು, ಪಕ್ಕದಲ್ಲಿ ಹೊಸದು ಹಾಕುತ್ತಾರೆ. ಹೃದಯದಲ್ಲಿ ಎಷ್ಟು ಅಂತ ಇಡುವುದು? ಸಾದಾ ಪೇಸ್‌ಮೇಕರ್‌ನಲ್ಲಿ 8ರಿಂದ 12 ವರ್ಷಕ್ಕೊಮ್ಮೆ ಡಬ್ಬಿ ಮಾತ್ರ ಬದಲಿಸಿದರಾಯಿತು, ತಂತಿ ಹಳೆಯದೇ.

ಬ್ಯಾಟರಿ ಮುಗಿಯುತ್ತದೆ ಅಂತ ದಿಗಿಲುಪಡುವವರಿಗೆ ಆರ್ನೆ ಲಾರ್ಸನ್ ಕಥೆ ಹೇಳುತ್ತೇನೆ. ದೇಹದೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಮೊದಲ ಮನುಷ್ಯ ಅವರು. 1958ರ ಅಕ್ಟೋಬರ್ 8, ಸ್ವೀಡನ್ನಿನ ಸ್ಟಾಕ್‌ಹೋಮ್. ಆ ಮೊದಲ ಯಂತ್ರ ಕೆಲವೇ ಗಂಟೆ ಓಡಿತು. ಲಾರ್ಸನ್ ಮಾತ್ರ 2001ರವರೆಗೆ, 86 ವರ್ಷ ಬದುಕಿದರು. ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾದವು. ಯಂತ್ರ ಮಾಡಿದ ಎಂಜಿನಿಯರ್, ಅದನ್ನು ಹಾಕಿದ ಸರ್ಜನ್ ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು.

ಹಾಳೆಯಲ್ಲಿರುವ ಉಳಿದ ಹೆಸರುಗಳು

ಐಸಿಡಿ ಅಂತ ಬರೆದಿದ್ದರೆ ಅದು ಬೇರೆಯೇ ಯಂತ್ರ. ಕೆಳಗಿನ ಕೋಣೆ ಪ್ರಾಣಾಪಾಯದ ವೇಗಕ್ಕೆ ಹೋದಾಗ ಒಳಗಿಂದಲೇ ಷಾಕ್ ಕೊಡುವಂಥದ್ದು. ದೊಡ್ಡ ಹಾರ್ಟ್ ಅಟ್ಯಾಕ್ ಆಗಿ ಪಂಪಿಂಗ್ ತುಂಬಾ ಕುಸಿದವರಿಗೆ, ಒಮ್ಮೆ ಹೃದಯ ನಿಂತು ಬದುಕಿದವರಿಗೆ. ನಿಧಾನ ಬಡಿತ ಮಾತ್ರ ಇರುವವರಿಗೆ ಇದು ಬೇಕಿಲ್ಲ. ಸಿಆರ್‌ಟಿ ಅಂದರೆ ಮೇಲೆ ಹೇಳಿದ, ಎಡ–ಬಲ ಎರಡೂ ಕಡೆ ಬಡಿಸುವಂಥದ್ದು.

ಎಂಆರ್‌ಐಗೆ ಆಗುವಂಥದ್ದಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾದರೆ ಕೊಡಿ ಅನ್ನುತ್ತೇನೆ. ವಯಸ್ಸಾದವರಿಗೆ ಬೆನ್ನು, ಮೆದುಳು ಅಂತ ಎಂಆರ್‌ಐ ಬೇಕಾಗುವ ಸಂದರ್ಭ ಬಂದೇ ಬರುತ್ತದೆ. ಡಬ್ಬಿ, ತಂತಿ ಎರಡೂ ಆ ಬಗೆಯದೇ ಆಗಿರಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಲೆಕ್ಕಕ್ಕಿಲ್ಲ. ಹಳೆಯ ಯಂತ್ರ ಇರುವವರು ಎದೆಗುಂದಬೇಕಿಲ್ಲ. 2017ರಲ್ಲಿ ಬಂದ ಮ್ಯಾಗ್ನಾಸೇಫ್ ಅಧ್ಯಯನದಲ್ಲಿ ಹಳೆಯ ಬಗೆಯ ಯಂತ್ರವಿದ್ದವರಿಗೂ ಎಚ್ಚರಿಕೆಯಿಂದ 1500 ಎಂಆರ್‌ಐ ಮಾಡಿದ್ದರು, ಸ್ಕ್ಯಾನ್ ವೇಳೆ ಒಂದೂ ಸಾವಾಗಲಿಲ್ಲ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಪೇಸ್‌ಮೇಕರ್ ಹಾಕುವುದೂ ಅದರಲ್ಲಿದೆ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಪೇಸ್‌ಮೇಕರ್ ದಿನನಿತ್ಯದ ಕೆಲಸ. ತುರ್ತಿಲ್ಲದಿದ್ದರೆ ಎರಡನೇ ಕಡೆ ತೋರಿಸಿ. ಕಂಪ್ಲೀಟ್ ಹಾರ್ಟ್ ಬ್ಲಾಕ್ ಆಗಿ ತಲೆಸುತ್ತಿ ಬೀಳುತ್ತಿದ್ದರೆ ಮಾತ್ರ ಊರೂರು ಸುತ್ತಬೇಡಿ. ಮೊದಲು ತಾತ್ಕಾಲಿಕ ಪೇಸ್‌ಮೇಕರ್ ಹಾಕಿಸಿ, ಆಮೇಲೆ ಯೋಚಿಸಿ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದ ಮೊದಲ ಪ್ರಶ್ನೆ ಮಿಕ್ಸಿ ಮುಟ್ಟಬಹುದಾ ಅಂತ. ಮಿಕ್ಸಿ, ಗ್ರೈಂಡರ್ ಬಳಸಬಹುದು, ಎದೆಗೆ ಒತ್ತಿ ಹಿಡಿಯಬಾರದು ಅಷ್ಟೆ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಬೇಕು. ನಾವು ಗ್ಯಾಸ್ ಒಲೆಗೇ ಮರಳಿದೆವು. ಮೊಬೈಲನ್ನು ಎಡ ಜೇಬಿನಲ್ಲಿ ಇಡದೆ ಬಲಗಿವಿಗೆ ಹಿಡಿಯುವುದು. ಎಡಗೈಯನ್ನು ತಿಂಗಳ ಮಟ್ಟಿಗೆ ಭುಜದಿಂದ ಮೇಲೆ ಎತ್ತಬಾರದು. ಹಾಗಂತ ಅಲ್ಲಾಡಿಸದೆ ಕೂತರೆ ಭುಜ ಹಿಡಿದುಕೊಳ್ಳುತ್ತದೆ. ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳಬೇಕು. ಪೇಸ್‌ಮೇಕರ್ ಇದ್ದವರು ತೀರಿಕೊಂಡಾಗ ದಹನದ ಮುಂಚೆ ಅದನ್ನು ತೆಗೆಸಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ.

ಅಮ್ಮನಿಗೆ ಕೊನೆಗೆ ಡಬಲ್ ಚೇಂಬರ್, ಎಂಆರ್‌ಐಗೆ ಆಗುವಂಥದ್ದು ಹಾಕಿದರು. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇವೆ. ಎದೆಯ ಮೇಲೊಂದು ಬಿಲ್ಲೆಯಂಥ ಉಪಕರಣ ಇಟ್ಟು, ಯಂತ್ರದ ಲೆಕ್ಕ ತೆಗೆದು, ಚೀಟಿ ಮುದ್ರಿಸಿ ಕೊಡುತ್ತಾರೆ. ಬ್ಯಾಟರಿ ಎಷ್ಟು ವರ್ಷ ಅಂತ ಎಲ್ಲರೂ ನೋಡುತ್ತಾರೆ. ನಾನು ಅದರ ಕೆಳಗಿನ ಎರಡು ಸಾಲು ನೋಡುತ್ತೇನೆ. ಕಳೆದ ಸಲ ಮೇಲಿನ ಕೋಣೆ 71 ಪರ್ಸೆಂಟ್, ಕೆಳಗಿನದು 2 ಪರ್ಸೆಂಟ್ ಅಂತಿತ್ತು. ಅಂದರೆ ಕೆಳಗಿನ ಕೋಣೆಯ ನೂರು ಬಡಿತದಲ್ಲಿ 98 ಅಮ್ಮನ ಹೃದಯ ತನ್ನದೇ ದಾರಿಯಲ್ಲಿ ಬಡಿದದ್ದು.